ಕಾಣುವ ದೂರ, ನಿಲ್ಲುವ ದೂರ: ನಮ್ಮ ರಸ್ತೆಗಳಲ್ಲಿ ಜೀವ ಉಳಿಸುವ ಲೆಕ್ಕ

ಮೆಕ್ಕೆಜೋಳದ ಕಟಾವು ಶುರುವಾಯಿತೆಂದರೆ ದಾವಣಗೆರೆ, ಚಿತ್ರದುರ್ಗ ಸೀಮೆಯ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಸರ್ವೀಸ್ ರಸ್ತೆಯ ಅರ್ಧ ಭಾಗದಲ್ಲಿ ಹಳದಿ ಕಾಳು ಹರಡಿರುತ್ತದೆ, ಅದರ ಅಂಚಿಗೆ ಸಾಲುಗಲ್ಲು. ಎಪಿಎಂಸಿ ಕಡೆಗೆ ಹೊರಟ ಟ್ರ್ಯಾಕ್ಟರುಗಳು ಕತ್ತಲಾದ ಮೇಲೂ ನಿಲ್ಲುವುದಿಲ್ಲ. ಭದ್ರಾ ನಾಲೆಯ ಬಯಲಲ್ಲಿ ಭತ್ತ ಕೊಯ್ದಾಗ ಮನೆಯೆತ್ತರದ ಹುಲ್ಲಿನ ಲೋಡುಗಳು ಬರುತ್ತವೆ. ಚಳ್ಳಕೆರೆ, ಹಿರಿಯೂರು, ಹೊಸದುರ್ಗದ ಕಡೆ ರಾಗಿ, ಹುರುಳಿ ರಸ್ತೆಯ ಮೇಲೇ ಒಕ್ಕಣೆಯಾಗುತ್ತದೆ. ಇದೆಲ್ಲದರ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಂಗಳೂರು–ಪುಣೆ ನಡುವಿನ ಸ್ಲೀಪರ್ ಬಸ್ಸು, ಕಂಟೇನರ್ ಲಾರಿ, ಕಾರುಗಳು ನೂರರ ಆಸುಪಾಸಿನ ವೇಗದಲ್ಲಿ ಓಡುತ್ತಿರುತ್ತವೆ.

ಇಪ್ಪತ್ತರ ವೇಗದ ಟ್ರ್ಯಾಕ್ಟರ್, ಐದರ ವೇಗದ ಪಾದಚಾರಿ, ನೂರರ ವೇಗದ ಕಾರು ಒಂದೇ ಡಾಂಬರಿನ ಮೇಲೆ ಸೇರಿದಾಗ ಯಾರು ಉಳಿಯುತ್ತಾರೆ, ಯಾರು ಉಳಿಯುವುದಿಲ್ಲ ಎಂಬುದಕ್ಕೆ ಒಂದು ಲೆಕ್ಕವಿದೆ. ಎದುರಿಗಿರುವುದು ಎಷ್ಟು ದೂರದಿಂದ ಕಾಣುತ್ತದೆ? ಕಂಡ ಮೇಲೆ ನಿಲ್ಲಲು ಎಷ್ಟು ದೂರ ಬೇಕು? ಕಾಣುವ ದೂರ ಹೆಚ್ಚಿದ್ದರೆ ಬಚಾವು. ನಿಲ್ಲುವ ದೂರ ಹೆಚ್ಚಿದ್ದರೆ ಡಿಕ್ಕಿ. ಹಂಪ್ಸು, ರಿಫ್ಲೆಕ್ಟರ್, ಡಿವೈಡರ್, ವೇಗದ ಮಿತಿ ಎಲ್ಲವೂ ಈ ಎರಡು ದೂರಗಳ ನಡುವಿನ ಅಂತರವನ್ನು ನಮ್ಮ ಕಡೆಗೆ ತಿರುಗಿಸಲು ಇರುವ ಸಾಧನಗಳು. ಹೆಲ್ಮೆಟ್ ಮತ್ತು ಸೀಟ್ ಬೆಲ್ಟ್ ಆ ಲೆಕ್ಕ ತಪ್ಪಿದಾಗ ಕೆಲಸಕ್ಕೆ ಬರುವಂಥವು.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ ಸುಮಾರು 44 ಮಂದಿ ಬೈಕು, ಸ್ಕೂಟರಿನ ಮೇಲಿದ್ದವರು. ಸುಮಾರು 19 ಮಂದಿ ನಡೆದು ಹೋಗುತ್ತಿದ್ದವರು. ಮೈಸುತ್ತ ತಗಡಿನ ರಕ್ಷಣೆ ಇಲ್ಲದವರೇ ಹೆಚ್ಚು ಸಾಯುತ್ತಿದ್ದಾರೆ. ಆದ್ದರಿಂದ ರಸ್ತೆ ಸುರಕ್ಷತೆಯೆಂದರೆ ಬರೀ ಕಾರಿನವರ ವಿಷಯವೆಂದು ಯಾರೂ ತಿಳಿಯಬಾರದು.

ನಿಲ್ಲುವ ದೂರ ಎಂದರೇನು?

ಬ್ರೇಕ್ ಒತ್ತಿದ ಕೂಡಲೇ ಗಾಡಿ ನಿಲ್ಲುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಕಂಡ ಕೂಡಲೇ ಬ್ರೇಕ್ ಒತ್ತುವುದೂ ಆಗುವುದಿಲ್ಲ ಎಂಬುದು ಮಾತ್ರ ಮರೆತುಹೋಗುತ್ತದೆ. ಕಣ್ಣಿಗೆ ಬಿದ್ದದ್ದು ಏನೆಂದು ಮಿದುಳಿಗೆ ತಿಳಿದು, ಕಾಲು ಎಕ್ಸಲರೇಟರಿನಿಂದ ಬ್ರೇಕಿಗೆ ಹೋಗಲು ಎಚ್ಚರದಲ್ಲಿರುವ ಚಾಲಕನಿಗೂ ಸುಮಾರು ಒಂದೂವರೆ ಸೆಕೆಂಡು ಬೇಕು. ನಿದ್ದೆಗೆಟ್ಟವನಿಗೆ, ಕುಡಿದವನಿಗೆ, ಮೊಬೈಲ್ ನೋಡುತ್ತಿರುವವನಿಗೆ ಇನ್ನೂ ಹೆಚ್ಚು. ಆ ಒಂದೂವರೆ ಸೆಕೆಂಡು ಗಾಡಿ ಪೂರ್ತಿ ವೇಗದಲ್ಲೇ ಓಡುತ್ತಿರುತ್ತದೆ.

ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಾಲು ಬ್ರೇಕಿಗೆ ಮುಟ್ಟುವಷ್ಟರಲ್ಲಿ 25 ಮೀಟರ್ ಹೋಯಿತು. ಆಮೇಲೆ ಟಯರು, ಬ್ರೇಕು ಎರಡೂ ಚೆನ್ನಾಗಿದ್ದು ರಸ್ತೆ ಒಣಗಿದ್ದರೆ ಇನ್ನೂ 20 ಮೀಟರ್. ಒಟ್ಟು 45. ವೇಗ ಎಂಬತ್ತಾದರೆ ಒಟ್ಟು ಸುಮಾರು 70 ಮೀಟರ್, ನೂರಾದರೆ ನೂರರ ಹತ್ತಿರ. ಮಳೆ ಬಿದ್ದು ರಸ್ತೆ ನೆನೆದಿದ್ದರೆ ಅರವತ್ತರಲ್ಲಿ 60 ಮೀಟರ್, ನೂರರಲ್ಲಿ 140 ಮೀಟರ್ ಬೇಕಾಗುತ್ತದೆ.

ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ. ಓಡುವ ಗಾಡಿಯಲ್ಲಿ ಅಡಗಿರುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಬ್ರೇಕು ಆ ಶಕ್ತಿಯನ್ನೆಲ್ಲ ಶಾಖವಾಗಿಸಿ ಹೊರಹಾಕಬೇಕು. ಇದರ ಪರಿಣಾಮ ಹೀಗೆ ನೋಡಿ. ಅಕ್ಕಪಕ್ಕದಲ್ಲಿ ಎರಡು ಕಾರು, ಒಂದರ ವೇಗ 60, ಇನ್ನೊಂದರದು 80. ಇಬ್ಬರಿಗೂ ಒಂದೇ ಕ್ಷಣಕ್ಕೆ ಎದುರಿಗೆ ಎಮ್ಮೆ ಕಂಡಿತು, ಇಬ್ಬರೂ ಒಂದೇ ಸಲಕ್ಕೆ ಬ್ರೇಕ್ ಹಾಕಿದರು. ಅರವತ್ತರವನು 45 ಮೀಟರಿಗೆ ನಿಂತ. ಅದೇ 45 ಮೀಟರಿನ ಗೆರೆ ದಾಟುವಾಗ ಎಂಬತ್ತರವನ ವೇಗ ಇನ್ನೂ ಸುಮಾರು 65 ಇರುತ್ತದೆ. ಇಪ್ಪತ್ತು ಕಿಲೋಮೀಟರಿನ ವ್ಯತ್ಯಾಸವೆಂದು ಅಂದುಕೊಂಡದ್ದು ಅಲ್ಲಿ ನಿಂತದ್ದಕ್ಕೂ ಅರವತ್ತೈದರಲ್ಲಿ ಗುದ್ದಿದ್ದಕ್ಕೂ ಇರುವ ವ್ಯತ್ಯಾಸವಾಗುತ್ತದೆ. ಸರಾಸರಿ ವೇಗ ನೂರಕ್ಕೆ ಒಂದರಷ್ಟು ಹೆಚ್ಚಿದರೆ ಸಾವಿನ ಅಪಘಾತದ ಸಾಧ್ಯತೆ ನೂರಕ್ಕೆ ನಾಲ್ಕರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ.

ಗುದ್ದಿನ ಬಲ ಅಂದಾಜಾಗಬೇಕಾದರೆ ವೇಗವನ್ನು ಎತ್ತರವಾಗಿ ನೋಡಬೇಕು. ಮೂವತ್ತರ ವೇಗದಲ್ಲಿ ಗುದ್ದುವುದೂ ಒಂದಂತಸ್ತಿನ ತಾರಸಿಯಿಂದ ಬೀಳುವುದೂ ಹೆಚ್ಚುಕಡಿಮೆ ಒಂದೇ. ಐವತ್ತೆಂದರೆ 10 ಮೀಟರ್, ಮೂರಂತಸ್ತು. ಎಂಬತ್ತೆಂದರೆ 25 ಮೀಟರ್, ದೊಡ್ಡ ತೆಂಗಿನ ಮರದಷ್ಟು ಎತ್ತರ.

ಲಾರಿ, ಬಸ್ಸುಗಳಿಗೆ ಇದಕ್ಕಿಂತಲೂ ಹೆಚ್ಚು ದೂರ ಬೇಕು. ಅವುಗಳ ಗಾಳಿ ಬ್ರೇಕು ಪೈಪುಗಳಲ್ಲಿ ಒತ್ತಡ ತುಂಬಿ ಚಕ್ರ ಹಿಡಿಯಲು ಕ್ಷಣಕಾಲ ತೆಗೆದುಕೊಳ್ಳುತ್ತದೆ. ಮಿತಿಮೀರಿದ ಲೋಡು ಇದ್ದರೆ ಇಳಿಜಾರಿನಲ್ಲಿ ಬ್ರೇಕ್ ಡ್ರಮ್ಮು ಕಾದು ಹಿಡಿತವೇ ಸಡಿಲಾಗುತ್ತದೆ. ಆದ್ದರಿಂದ ಲಾರಿಯ ಮುಂದೆ ನುಗ್ಗಿ ಬ್ರೇಕ್ ಹಾಕುವ ಬೈಕಿನವನು ತನ್ನ ಜೀವವನ್ನು ಬೇರೆಯವರ ಬ್ರೇಕಿಗೆ ಒಪ್ಪಿಸಿದ ಹಾಗೆ.

ಡಿವೈಡರ್ ಇರುವ ನಾಲ್ಕು ಪಥ ಹಾಗೂ ಅದಕ್ಕಿಂತ ಅಗಲದ ರಸ್ತೆಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಗರಿಷ್ಠ ವೇಗ ಕಾರಿಗೆ 100, ಬಸ್ಸಿಗೆ 90, ಲಾರಿಗೂ ಬೈಕಿಗೂ 80, ಆಟೊಗೆ 50. ಬೋರ್ಡಿನಲ್ಲಿ ಇದಕ್ಕಿಂತ ಕಡಿಮೆ ಬರೆದಿದ್ದರೆ ಬೋರ್ಡೇ ಅಂತಿಮ. ಮುಂದಿನ ಗಾಡಿಯಿಂದ ಎಷ್ಟು ಅಂತರ ಬೇಕೆಂದು ಮೀಟರಿನಲ್ಲಿ ಅಳೆಯಲಾಗದು, ಸೆಕೆಂಡಿನಲ್ಲಿ ಅಳೆಯಬಹುದು. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ನೀವು ಅದೇ ಕಂಬ ಮುಟ್ಟಲು ಮೂರು ಸೆಕೆಂಡು ಹಿಡಿಯಬೇಕು. ಮಳೆಯಲ್ಲಿ ಅದು ಆರಾಗಲಿ.

ರಾತ್ರಿ ಕಾಣುವ ದೂರ ಎಷ್ಟು?

ಹಗಲು ಅರ್ಧ ಕಿಲೋಮೀಟರ್ ಆಚೆಯ ಟ್ರ್ಯಾಕ್ಟರ್ ಕಾಣುತ್ತದೆ. ರಾತ್ರಿ ಡಿಮ್ ಲೈಟಿನಲ್ಲಿ ಕಪ್ಪು ಬಣ್ಣದ ವಸ್ತು ಕಣ್ಣಿಗೆ ಬೀಳುವುದು ಸುಮಾರು 40 ಮೀಟರಿನಿಂದ. ಹೆಡ್‌ಲೈಟಿನ ಗಾಜು ಹಳದಿಯಾಗಿದ್ದರೆ, ಎದುರಿನವನು ಡಿಪ್ ಮಾಡದೆ ಬಂದರೆ ಇನ್ನೂ ಕಡಿಮೆ. ಪ್ರಖರ ಬೆಳಕು ಕಣ್ಣಿಗೆ ಹೊಡೆದ ಮೇಲೆ ಕತ್ತಲೆಗೆ ಮತ್ತೆ ಹೊಂದಿಕೊಳ್ಳಲು ಕೆಲವು ಸೆಕೆಂಡು ಬೇಕು, ಆ ಸೆಕೆಂಡುಗಳಲ್ಲಿ ಗಾಡಿ ಕುರುಡಾಗಿ ಓಡುತ್ತಿರುತ್ತದೆ.

ಲೆಕ್ಕ ಕೂಡಿಸಿ. ಇಪ್ಪತ್ತರ ವೇಗದಲ್ಲಿ ಹಿಂದೀಪವಿಲ್ಲದ ಟ್ರೇಲರ್ ಹೋಗುತ್ತಿದೆ. ಹಿಂದಿನಿಂದ ಎಂಬತ್ತರಲ್ಲಿ ಕಾರು ಬರುತ್ತಿದೆ. ಇಬ್ಬರ ನಡುವಿನ ಅಂತರ ಸೆಕೆಂಡಿಗೆ 17 ಮೀಟರಿನಂತೆ ಕರಗುತ್ತದೆ. ನಲವತ್ತು ಮೀಟರಿನಿಂದ ಕಂಡರೆ ಕೈಯಲ್ಲಿ ಇರುವುದು ಎರಡೂವರೆ ಸೆಕೆಂಡಿಗೂ ಕಡಿಮೆ. ಅದರಲ್ಲಿ ಒಂದೂವರೆ ಸೆಕೆಂಡು ಅರ್ಥಮಾಡಿಕೊಳ್ಳಲು ಹೋಗುತ್ತದೆ. ಉಳಿದ ಒಂದು ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಯಾವ ಬ್ರೇಕೂ ಗಾಡಿಯನ್ನು ಉಳಿಸಲಾರದು. ಅಪಘಾತವಾದ ಮೇಲೆ "ಡ್ರೈವರ್ ನೋಡಲಿಲ್ಲ" ಎನ್ನುತ್ತಾರೆ. ನೋಡಲು ಅಲ್ಲಿ ಏನೂ ಹೊಳೆಯುತ್ತಿರಲಿಲ್ಲ.

ಕಾರಿನ ಮೂತಿ ತಗ್ಗು, ಟ್ರೇಲರಿನ ಹಿಂಬದಿ ಎತ್ತರ. ಕಾರು ಕೆಳಗೆ ನುಗ್ಗುತ್ತದೆ, ಟ್ರೇಲರಿನ ಹಲಗೆ ನೇರವಾಗಿ ಮುಂದಿನ ಗಾಜಿಗೆ, ಕೂತವರ ತಲೆಯ ಮಟ್ಟಕ್ಕೆ ಬರುತ್ತದೆ. ಬಾನೆಟ್ಟು, ಏರ್‌ಬ್ಯಾಗು ತಮ್ಮ ಕೆಲಸ ಮಾಡುವುದಕ್ಕೆ ಅವಕಾಶವೇ ಸಿಗುವುದಿಲ್ಲ. ಇದನ್ನು ತಡೆಯಲೆಂದೇ ಲಾರಿಗಳ ಹಿಂದೆ ನೆಲದಿಂದ ಅರ್ಧ ಮೀಟರ್ ಆಸುಪಾಸಿನಲ್ಲಿ ಅಡ್ಡ ಕಂಬಿ ಇರುತ್ತದೆ. ಬಾಗಿದ ಕಂಬಿಯನ್ನು ತಂತಿ ಸುತ್ತಿ ಕಟ್ಟಿಕೊಂಡು ಓಡಾಡುವ ಲಾರಿಗಳುಂಟು. ತಂತಿ ಕಟ್ಟಿದ ಕಂಬಿ ಕಾರನ್ನು ತಡೆಯುವುದಿಲ್ಲ, ವೆಲ್ಡಿಂಗ್ ಮಾಡಿಸಬೇಕು.

ಟ್ರೇಲರಿಗೆ ರಿಫ್ಲೆಕ್ಟರ್ ಪಟ್ಟಿ: ಎಲ್ಲಿ, ಹೇಗೆ

ಕತ್ತಲಲ್ಲಿ ಹಸುವಿನ ಕಣ್ಣಿಗೆ ಟಾರ್ಚ್ ಬಿಟ್ಟರೆ ಅದು ಕೆಂಡದ ಹಾಗೆ ಹೊಳೆಯುತ್ತದೆ. ಬಂದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಗುಣ ಅದು. ರಿಫ್ಲೆಕ್ಟರ್ ಪಟ್ಟಿಯೂ ಹಾಗೆಯೇ. ಅದರೊಳಗಿನ ಸಣ್ಣ ಗಾಜಿನ ಮಣಿಗಳು ಅಥವಾ ಪಟ್ಟಕಗಳು ಹೆಡ್‌ಲೈಟಿನ ಬೆಳಕನ್ನು ಅದೇ ಚಾಲಕನ ಕಣ್ಣಿಗೆ ವಾಪಸ್ ಕಳಿಸುತ್ತವೆ. ಒಳ್ಳೆಯ ಪಟ್ಟಿ 150–200 ಮೀಟರಿನಿಂದ ಕಾಣುತ್ತದೆ. ಕೆಂಪು ಪೇಂಟು ಹಗಲು ಎಷ್ಟೇ ಕಣ್ಣಿಗೆ ಹೊಡೆಯಲಿ, ರಾತ್ರಿ ಅದು ಕಪ್ಪೇ. ಪೇಂಟು ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲಿಬಿಡುತ್ತದೆ.

ಸರಕು ವಾಹನಕ್ಕೆ ಬಣ್ಣದ ನಿಯಮವಿದೆ: ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಐದು ಸೆಂ.ಮೀ. ಅಗಲದ ಪಟ್ಟಿ ಸಿಗುತ್ತದೆ. ಹಿಂಬದಿಯ ಎರಡು ಮೂಲೆಗಳಿಗೂ ಅಂಟಿಸಲೇಬೇಕು. ನಡುವೆ ಒಂದೇ ತುಂಡು ಅಂಟಿಸಿದರೆ ಹಿಂದೆ ಬರುವವನು ಬೈಕು ಎಂದುಕೊಂಡು ಪಕ್ಕಕ್ಕೆ ಸ್ವಲ್ಪವೇ ಸರಿದು ಬರುತ್ತಾನೆ, ಟ್ರೇಲರಿನ ಮೂಲೆ ಅವನಿಗೆ ಬಡಿಯುತ್ತದೆ. ಅಗಲ ಎಷ್ಟೆಂದು ಮೂಲೆಗಳೇ ಹೇಳಬೇಕು.

ಅಂಟಿಸುವಾಗ ಆಗುವ ತಪ್ಪುಗಳು ಹೆಚ್ಚಾಗಿ ಒಂದೇ ಥರದವು. ತುಕ್ಕು, ಮಣ್ಣು, ಗ್ರೀಸು ಇರುವಾಗಲೇ ಅಂಟಿಸಿದರೆ ಒಂದು ಮಳೆಗೆ ಕಿತ್ತು ಬರುತ್ತದೆ. ತಂತಿ ಬ್ರಷ್ಷಿನಿಂದ ತಿಕ್ಕಿ, ಸೋಪಿನ ನೀರಲ್ಲಿ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ, ಕೊನೆಗೆ ಥಿನ್ನರ್ ಬಟ್ಟೆಯಿಂದ ಒರೆಸಬೇಕು. ಸೀಮೆಎಣ್ಣೆಯಲ್ಲಿ ಒರೆಸಿದರೆ ಜಿಡ್ಡು ಉಳಿದು ಅಂಟು ಹಿಡಿಯುವುದಿಲ್ಲ. ಒಂದು ತುದಿಯಿಂದ ಅಂಟಿಸುತ್ತಾ ಹೆಬ್ಬೆರಳಿನಿಂದ ಒತ್ತಿಕೊಂಡು ಹೋದರೆ ಒಳಗೆ ಗಾಳಿ ಸೇರದು. ಮಡಿಕೆ ಬೀಳುವ ಕೀಲು, ಬೋಲ್ಟಿನ ತಲೆಯ ಮೇಲೆ ಎಳೆದು ಅಂಟಿಸಬಾರದು, ಅಲ್ಲಿಗೆ ಕತ್ತರಿಸಿ ಮುಂದುವರಿಸಬೇಕು.

ಇನ್ನೊಂದು ಸಂಗತಿ ಹುಲ್ಲು, ಮೇವು ಸಾಗಿಸುವವರಿಗೆ. ಲೋಡು ಹಿಂದಕ್ಕೆ ನಾಲ್ಕಡಿ ಚಾಚಿ ಜೋತುಬಿದ್ದರೆ ಹಲಗೆಯ ಮೇಲಿನ ಪಟ್ಟಿ, ದೀಪ ಎರಡೂ ಅದರ ಹಿಂದೆ ಮುಚ್ಚಿಹೋಗುತ್ತವೆ. ಹಾಗೆಯೇ ಹಿಂದಿನ ಹಲಗೆ ಕೆಳಗೆ ಬಿಟ್ಟುಕೊಂಡು ಓಡಿಸಿದರೆ ಪಟ್ಟಿ ನೆಲ ನೋಡುತ್ತಿರುತ್ತದೆ. ಅದಕ್ಕೆ ಚಾಸಿಯ ಅಡ್ಡಪಟ್ಟಿಗೆ ಒಂದು ಜೊತೆ ಪಟ್ಟಿ ಬೇರೆಯಾಗಿ ಇರಲಿ. ಜೊತೆಗೆ ಎರಡು ಮೊಳದ ರೀಪರ್ ಪಟ್ಟಿಗೆ ಕೆಂಪು ರಿಫ್ಲೆಕ್ಟರ್ ಅಂಟಿಸಿ ಇಟ್ಟುಕೊಂಡರೆ ಲೋಡಿನ ಕಟ್ಟಕಡೆಗೆ ಹಗ್ಗದಿಂದ ಬಿಗಿಯಬಹುದು. ಗದ್ದೆಯಿಂದ ರಸ್ತೆಗೆ ಹತ್ತುವ ಮುಂಚೆ ಕೆಸರು ಒರೆಸದಿದ್ದರೆ ಇಷ್ಟೆಲ್ಲ ಮಾಡಿದ್ದೂ ಹೊಳೆಯುವುದಿಲ್ಲ. ಹಳೆಯ ಬನಿಯನ್ ತುಂಡೊಂದು ಟೂಲ್ ಬಾಕ್ಸಿನಲ್ಲಿ ಸದಾ ಇರಬೇಕು.

ರಸ್ತೆಯ ಮೇಲಿನ ರಾಶಿ, ಕಲ್ಲು, ಒಕ್ಕಣೆ

ರೈತರು ಹಟಕ್ಕೆ ರಸ್ತೆಯಲ್ಲಿ ಕಾಳು ಹರಡುವುದಿಲ್ಲ. ತೇವ ಹೆಚ್ಚಿದ್ದರೆ ಮಾರುಕಟ್ಟೆಯಲ್ಲಿ ದರ ಕಡಿಯುತ್ತಾರೆ, ಊರಲ್ಲಿ ಕಣ ಸಾಲುವುದಿಲ್ಲ, ಡಾಂಬರು ಬೇಗ ಕಾಯುತ್ತದೆ. ಕಷ್ಟ ನಿಜವಾದದ್ದು. ಅಪಾಯವೂ ಅಷ್ಟೇ ನಿಜ, ಅದು ಮೂರು ರೀತಿಯದು.

ಮೊದಲನೆಯದು ಕಾಳು. ಒಣಗಿದ ಮೆಕ್ಕೆಜೋಳ ಟಯರಿನ ಕೆಳಗೆ ಗೋಲಿಯಂತೆ ಉರುಳುತ್ತದೆ. ಬೈಕಿನವರು ಅದರ ಮೇಲೆ ಬ್ರೇಕ್ ಹಾಕಿದರೆ ಚಕ್ರ ಲಾಕ್ ಆಗಿ ಜಾರುವುದು ಖಂಡಿತ. ಕಾಳಿನ ಮೇಲೆ ಹೋಗಲೇಬೇಕಾದರೆ ಮೊದಲೇ ವೇಗ ಇಳಿಸಿ, ಬ್ರೇಕು ಮುಟ್ಟದೆ, ಹ್ಯಾಂಡಲ್ ತಿರುಗಿಸದೆ ನೇರವಾಗಿ ದಾಟಬೇಕು.

ಎರಡನೆಯದು ಕಲ್ಲು. ರಾಶಿ ಕಾಯಲು ಇಟ್ಟ ಸೈಜುಗಲ್ಲು ಸಂಜೆ ರಾಶಿ ತುಂಬಿದ ಮೇಲೂ ಅಲ್ಲೇ ಉಳಿಯುತ್ತದೆ. ಒಂದೊಂದು ಕಲ್ಲೂ ಡಾಂಬರಿನದೇ ಬಣ್ಣ, ಒಂದಡಿ ಎತ್ತರ, ಸ್ಕೂಟರಿನ ಚಕ್ರದಷ್ಟು. ಕಲ್ಲಿನ ಬದಲು ಹೊಟ್ಟು ತುಂಬಿದ ಗೋಣಿಚೀಲ ಇಟ್ಟರೆ ಕಾಳಿಗೂ ಕಾವಲಾಗುತ್ತದೆ, ಬಡಿದವರ ಜೀವವೂ ಉಳಿಯುತ್ತದೆ. ಆ ಚೀಲಕ್ಕೆ ಒಂದು ಗೇಣು ರಿಫ್ಲೆಕ್ಟರ್ ಪಟ್ಟಿ ಹೊಲಿದರೆ ಇನ್ನೂ ಒಳ್ಳೆಯದು. ರಾತ್ರಿ ರಾಶಿಗೆ ಕಪ್ಪು ಅಥವಾ ನೀಲಿ ತಾಡಪಾಲು ಹೊದಿಸಿ ರಸ್ತೆಯಲ್ಲೇ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಕತ್ತಲಾಗುವ ಮುಂಚೆ ರಾಶಿಯನ್ನು ಡಾಂಬರಿನಿಂದ ಪೂರ್ತಿ ಇಳಿಸಲೇಬೇಕು.

ಮೂರನೆಯದು ಒಕ್ಕಣೆಯ ಹುಲ್ಲು. ಓಡುವ ಗಾಡಿಗಳ ಚಕ್ರವೇ ತುಳಿಯಲಿ ಎಂದು ಹರಡಿದ ರಾಗಿ ಹುಲ್ಲು, ಹುರುಳಿ ಬಳ್ಳಿ ಕಾರಿನ ಆಕ್ಸಲಿಗೆ ಸುತ್ತಿಕೊಳ್ಳುತ್ತದೆ. ಕಾದ ಸೈಲೆನ್ಸರಿಗೆ ತಗುಲಿದರೆ ಹೊತ್ತಿಕೊಳ್ಳುತ್ತದೆ. ದಪ್ಪ ಹುಲ್ಲಿನ ಮೇಲೆ ಹೋಗಿಬಂದ ಮೇಲೆ ಸುಟ್ಟ ವಾಸನೆ ಬಂದರೆ ಗಾಡಿಯನ್ನು ಹುಲ್ಲಿನಿಂದ ದೂರ ನಿಲ್ಲಿಸಿ, ಇಂಜಿನ್ ಆರಿಸಿ, ಎಲ್ಲರನ್ನೂ ಇಳಿಸಿ ಆಮೇಲೆ ಕೆಳಗೆ ಬಗ್ಗಿ ನೋಡಿ. ಹುಲ್ಲಿನ ಮೇಲೆಯೇ ನಿಲ್ಲಿಸಿದರೆ ಗಾಡಿಯ ಜೊತೆ ಫಸಲೂ ಸುಡುತ್ತದೆ.

ಇದೇ ಮಾತು ಕೆಟ್ಟು ನಿಂತ ಲಾರಿಗೂ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ನಾಲ್ಕು ಹೆಜ್ಜೆ ದೂರದಲ್ಲಿ ಬೇವಿನ ಕೊಂಬೆ ಇಟ್ಟರೆ ಸಾಲದು. ನೂರರ ವೇಗದವನಿಗೆ ನಿಲ್ಲಲು ನೂರು ಮೀಟರ್ ಬೇಕೆಂದ ಮೇಲೆ ಎಚ್ಚರಿಕೆಯ ತ್ರಿಕೋನವೂ ಹಿಂದಕ್ಕೆ ನೂರು ಮೀಟರ್ ದೂರದಲ್ಲಿ ಇರಬೇಕು. ನೂರಮೂವತ್ತು ಹೆಜ್ಜೆ ಎಣಿಸಿದರೆ ಸರಿಹೋಗುತ್ತದೆ. ನಡೆಯುವಾಗ ಡಾಂಬರಿನ ಮೇಲೆ ನಡೆಯಬೇಡಿ, ಅಂಚಿನ ಮಣ್ಣಿನ ಮೇಲೆ ನಡೆಯಿರಿ. ಪಾರ್ಕಿಂಗ್ ಲೈಟು ನಾಲ್ಕೂ ಮಿನುಗುತ್ತಿರಲಿ. ಹೊರಡುವಾಗ ಚಕ್ರಕ್ಕೆ ಕೊಟ್ಟ ಕಲ್ಲನ್ನು ರಸ್ತೆಯಿಂದ ಎತ್ತಿ ಹಾಕಿ.

ಓವರ್‌ಟೇಕ್ ಮತ್ತು ರಾಂಗ್ ಸೈಡ್

ನಡುವೆ ಡಿವೈಡರ್ ಇಲ್ಲದ ರಸ್ತೆಯಲ್ಲಿ ಅರವತ್ತರಲ್ಲಿ ಹೋಗುತ್ತಿರುವ ಲಾರಿಯನ್ನು ಎಂಬತ್ತರಲ್ಲಿ ಹಿಂದೆ ಹಾಕಲು ಎಷ್ಟು ಖಾಲಿ ರಸ್ತೆ ಬೇಕು? ಲಾರಿಯ ಉದ್ದ, ಹಿಂದೆ ಮುಂದೆ ಬಿಡುವ ಅಂತರ ಸೇರಿ ನೀವು ಅದಕ್ಕಿಂತ 50 ಮೀಟರ್ ಹೆಚ್ಚು ಓಡಬೇಕು. ಇಬ್ಬರ ವೇಗದ ವ್ಯತ್ಯಾಸ ಸೆಕೆಂಡಿಗೆ ಐದೂವರೆ ಮೀಟರ್ ಮಾತ್ರ. ಅಂದರೆ ಒಂಬತ್ತು ಸೆಕೆಂಡು. ಅಷ್ಟರಲ್ಲಿ ನೀವು ಎದುರಿನ ಬದಿಯಲ್ಲಿ 200 ಮೀಟರ್ ಓಡಿರುತ್ತೀರಿ, ಎದುರಿನಿಂದ ಎಂಬತ್ತರಲ್ಲಿ ಬರುವವನೂ 200 ಮೀಟರ್ ಬಂದಿರುತ್ತಾನೆ. ನಾನೂರು ಮೀಟರ್ ಖಾಲಿ ರಸ್ತೆ ಕಾಣದಿದ್ದರೆ ಹಿಂದೆ ಹಾಕುವ ಮಾತೇ ಇಲ್ಲ. ದಿಬ್ಬದ ನೆತ್ತಿ, ತಿರುವು, ಸೇತುವೆಯ ಮೇಲೆ ಅಷ್ಟು ದೂರ ಕಾಣುವುದಿಲ್ಲವೆಂದೇ ಅಲ್ಲಿ ಮುರಿಯದ ಗೆರೆ ಎಳೆದಿರುತ್ತಾರೆ.

ಹೆದ್ದಾರಿಯ ಪಕ್ಕದ ಊರುಗಳಲ್ಲಿ ಕಾಟ ಕೊಡುವುದು ರಾಂಗ್ ಸೈಡ್. ಹೊಲ ಎದುರಿಗೇ ಇದೆ, ಅಂಡರ್‌ಪಾಸ್ ಎರಡು ಕಿಲೋಮೀಟರ್ ಆಚೆ. ಬೈಕು, ಟ್ರ್ಯಾಕ್ಟರು ಎದುರು ದಿಕ್ಕಿನಲ್ಲೇ ಅಂಚು ಹಿಡಿದು ಬರುತ್ತವೆ. ಇಲ್ಲಿ ವೇಗಗಳು ಕೂಡುತ್ತವೆ. ಎಂಬತ್ತರ ಕಾರು, ನಲವತ್ತರ ಬೈಕು ಸೆಕೆಂಡಿಗೆ 33 ಮೀಟರಿನಂತೆ ಹತ್ತಿರವಾಗುತ್ತವೆ. ಎಡ ಅಂಚಿನಲ್ಲಿ ಲಾರಿಯ ಹಿಂದಿನಿಂದ ಹೊರಬರುವ ಕಾರಿನವನು ಎದುರಿಗೆ ಯಾರೋ ಬರಬಹುದೆಂದು ಕನಸಲ್ಲೂ ಎಣಿಸಿರುವುದಿಲ್ಲ. ದಂಡ ಹಾಕಿದರಷ್ಟೇ ಇದು ನಿಲ್ಲುವುದಿಲ್ಲ. ಸರ್ವೀಸ್ ರಸ್ತೆ ತುಂಡಾಗದೆ ಅಂಡರ್‌ಪಾಸಿನವರೆಗೆ ಹೋಗಬೇಕು, ಅಂಡರ್‌ಪಾಸಿನಲ್ಲಿ ಮಳೆನೀರು ನಿಲ್ಲಬಾರದು, ದೀಪ ಉರಿಯಬೇಕು. ನೀರು ನಿಂತ ಅಂಡರ್‌ಪಾಸ್ ಊರಿನವರನ್ನು ಡಿವೈಡರ್ ಹಾರುವಂತೆ ಮಾಡುತ್ತದೆ.

ನಡೆಯುವವರ ಏಳು ಸೆಕೆಂಡು

ದಾವಣಗೆರೆಯ ಪಿ.ಬಿ. ರಸ್ತೆ ಹಿಂದೆ ಪುಣೆ–ಬೆಂಗಳೂರು ಹೆದ್ದಾರಿಯೇ ಆಗಿತ್ತು. ಹೆದ್ದಾರಿ ಊರ ಹೊರಗೆ ಸರಿದರೂ ರಸ್ತೆಯ ಅಗಲ ಉಳಿಯಿತು. ಅಗಲವಾದ ನೇರ ರಸ್ತೆಯಲ್ಲಿ ಕಾಲು ತಾನಾಗಿ ಎಕ್ಸಲರೇಟರ್ ಒತ್ತುತ್ತದೆ. ಅದನ್ನೇ ಅಜ್ಜಿಯೊಬ್ಬರು ತರಕಾರಿ ಚೀಲ ಹಿಡಿದು ದಾಟಬೇಕು.

ವಯಸ್ಸಾದವರ ನಡಿಗೆ ಸೆಕೆಂಡಿಗೆ ಒಂದು ಮೀಟರ್. ಎರಡು ಪಥ ಎಂದರೆ ಏಳು ಮೀಟರ್, ಏಳು ಸೆಕೆಂಡು. ಐವತ್ತರಲ್ಲಿ ಬರುವ ಬೈಕು ಏಳು ಸೆಕೆಂಡಿನಲ್ಲಿ 97 ಮೀಟರ್ ಬರುತ್ತದೆ. ಅಂದರೆ ನೂರು ಮೀಟರ್ ಆಚೆ ಇರುವ ಬೈಕನ್ನು ನೋಡಿ, ಅದರ ವೇಗ ಅಂದಾಜು ಮಾಡಿ ಆಕೆ ಹೆಜ್ಜೆ ಇಡಬೇಕು. ವಯಸ್ಸಾದ ಕಣ್ಣಿಗೂ ಎಂಟು ವರ್ಷದ ಮಗುವಿಗೂ ಈ ಅಂದಾಜು ಕಷ್ಟ. ವೇಗ ಮೂವತ್ತಕ್ಕೆ ಇಳಿದರೆ ಬೇಕಾದ ಅಂತರ 58 ಮೀಟರ್. ನಡುವೆ ನಿಲ್ಲಲು ಎತ್ತರಿಸಿದ ಜಾಗ ಕೊಟ್ಟರೆ ಒಂದು ಸಲಕ್ಕೆ ಒಂದೇ ದಿಕ್ಕು ನೋಡಿದರೆ ಸಾಕು. ಶಾಲೆ, ಆಸ್ಪತ್ರೆ, ಸಂತೆಯ ಬಳಿ 30 ಎಂದು ಬರೆಯುವುದರ ಹಿಂದೆ ಈ ಲೆಕ್ಕವಿದೆ.

ಫುಟ್‌ಪಾತ್ ಇದ್ದರೂ ಜನ ರಸ್ತೆಗೆ ಇಳಿದು ನಡೆಯುವುದಕ್ಕೆ ಕಾರಣ ಫುಟ್‌ಪಾತೇ ಹೇಳುತ್ತದೆ: ಮುರಿದ ಚಪ್ಪಡಿ, ನಡುವೆ ಟ್ರಾನ್ಸ್‌ಫಾರ್ಮರ್, ಮೊಣಕಾಲೆತ್ತರದ ಮೆಟ್ಟಿಲು, ನಿಂತ ಸ್ಕೂಟರುಗಳು. ಗಾಲಿಕುರ್ಚಿಯವರಿಗೆ ಒಂದು ಅಡ್ಡಿ ಇದ್ದರೂ ಇಡೀ ಫುಟ್‌ಪಾತ್ ಇಲ್ಲದ ಹಾಗೆಯೇ.

ಫುಟ್‌ಪಾತ್ ಇಲ್ಲದ ಹಳ್ಳಿಯ ರಸ್ತೆಯಲ್ಲಿ ಬಲಗಡೆ ನಡೆಯಬೇಕು, ಎದುರು ಬರುವ ಗಾಡಿ ಕಣ್ಣಿಗೆ ಬೀಳುವ ಹಾಗೆ. ಬೆಳಗಿನ ಜಾವ ಡೇರಿಗೆ ಹಾಲು ಒಯ್ಯುವವರು ಕ್ಯಾನಿಗೆ ಒಂದು ಸುತ್ತು ರಿಫ್ಲೆಕ್ಟರ್ ಪಟ್ಟಿ ಅಂಟಿಸಿದರೆ ಅದೇ ದೊಡ್ಡ ದೀಪ.

ಹಂಪ್ಸು ಸರಿಯಾಗಿದ್ದರೆ ಹೇಗಿರುತ್ತದೆ

ಅಪಘಾತವಾದ ಮರುದಿನ ಊರಿನವರೇ ಒಂದು ಟ್ರ್ಯಾಕ್ಟರ್ ಜಲ್ಲಿ ಸುರಿದು ಹಂಪ್ಸು ಹಾಕುವುದುಂಟು. ಮನಸ್ಸು ಒಳ್ಳೆಯದು, ಅಳತೆ ತಪ್ಪು. ರಸ್ತೆಗಳ ಮಾನದಂಡ ಗೊತ್ತುಮಾಡುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯ ಪ್ರಕಾರ ಹಂಪ್ಸಿನ ಎತ್ತರ 10 ಸೆಂ.ಮೀ., ಗಾಡಿ ಹತ್ತಿ ಇಳಿಯುವ ದಿಕ್ಕಿನಲ್ಲಿ ಅಗಲ 3.7 ಮೀಟರ್. ಸಾಮಾನ್ಯ ಕಾರಿನ ಉದ್ದದಷ್ಟು ಅಗಲ! ಅಂಥ ಹಂಪ್ಸಿನ ಮೇಲೆ 25ರ ವೇಗದಲ್ಲಿ ಗಾಡಿ ತೇಲಿದಂತೆ ಹೋಗುತ್ತದೆ, ಅದಕ್ಕಿಂತ ಜೋರಾದರೆ ಮಾತ್ರ ಎತ್ತಿಹಾಕುತ್ತದೆ.

ಊರಿನವರ ಹಂಪ್ಸು ಎರಡಡಿ ಅಗಲ, ಒಂದಡಿ ಎತ್ತರ. ನಿಧಾನವಾಗಿ ಬಂದವನಿಗೂ ಅದು ಬಡಿಯುತ್ತದೆ. ಹಿಂದೆ ಒಂದು ಪಕ್ಕಕ್ಕೆ ಕಾಲು ಹಾಕಿ ಕೂತ ಹೆಂಗಸರು ಜಾರಿ ಹಿಂದಕ್ಕೆ, ತಲೆ ಕೆಳಗಾಗಿ ಬೀಳುವುದು ಇಂಥ ಕಡೆಗಳಲ್ಲೇ. ಆಂಬುಲೆನ್ಸಿನೊಳಗಿನ ಬೆನ್ನುಮೂಳೆ ಮುರಿದವರಿಗೂ ಅದೇ ಹಂಪ್ಸು. ಸರಿಯಾದ ಅಳತೆಯದಾದರೂ ಬಣ್ಣ ಬಳಿಯದೆ, 40 ಮೀಟರ್ ಮುಂಚೆ ಬೋರ್ಡು ಇಡದೆ ಬಿಟ್ಟರೆ ರಾತ್ರಿ ಅದು ಹಂಪ್ಸಾಗಿ ಕಾಣುವುದಿಲ್ಲ. ಪೇಂಟು ಎರಡು ಮಳೆಗಾಲಕ್ಕೆ ಸವೆಯುತ್ತದೆ, ಮತ್ತೆ ಬಳಿಸುವುದನ್ನು ಯಾರೂ ನೆನಪಿಡುವುದಿಲ್ಲ.

ಹೆಲ್ಮೆಟ್ ಒಳಗೆ ಏನಿದೆ

2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು ದೇಶದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು. ಅವರಲ್ಲಿ ಹದಿನಾಲ್ಕು ಸಾವಿರಕ್ಕೂ ಮೇಲ್ಪಟ್ಟವರು ಹಿಂದೆ ಕೂತವರು.

ಹೆಲ್ಮೆಟ್ಟಿನ ಹೊರಚಿಪ್ಪು ಗಟ್ಟಿಯಾಗಿರುವುದು ಚೂಪಾದ ಕಲ್ಲು ಒಳನುಗ್ಗದಿರಲಿ ಎಂದು. ಜೀವ ಉಳಿಸುವುದು ಅದರೊಳಗಿನ ಥರ್ಮೋಕೋಲ್ ಪದರ. ತಲೆ ಡಾಂಬರಿಗೆ ಬಡಿದಾಗ ಆ ಪದರ ಅಪ್ಪಚ್ಚಿಯಾಗುತ್ತಾ ಎರಡು ಮೂರು ಸೆಂ.ಮೀ. ಉದ್ದಕ್ಕೆ ತಲೆಯನ್ನು ನಿಧಾನಿಸುತ್ತದೆ. ಅದಿಲ್ಲದಿದ್ದರೆ ತಲೆ ಒಂದೆರಡು ಮಿಲಿಮೀಟರಿನಲ್ಲಿ ನಿಲ್ಲುತ್ತದೆ, ಒಳಗಿನ ಮಿದುಳು ಬುರುಡೆಗೆ ಬಡಿಯುತ್ತದೆ. ದಾವಣಗೆರೆಯವರಿಗೆ ಮಂಡಕ್ಕಿ ಉದಾಹರಣೆಯೇ ಸಾಕು: ಚೀಲದ ಮೇಲೆ ಬಿದ್ದರೆ ಮಂಡಕ್ಕಿ ಪುಡಿಯಾಗಿ ನಮ್ಮ ಪೆಟ್ಟನ್ನು ನುಂಗುತ್ತದೆ, ಆದರೆ ಪುಡಿಯಾದ ಮಂಡಕ್ಕಿ ಮತ್ತೆ ಅರಳುವುದಿಲ್ಲ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟೂ ಹಾಗೆಯೇ, ಹೊರಗೆ ಗೀರು ಮಾತ್ರ ಕಂಡರೂ ಬದಲಿಸಬೇಕು. ರಸ್ತೆ ಬದಿಯ ಅಗ್ಗದ ಟೋಪಿಗಳಲ್ಲಿ ಥರ್ಮೋಕೋಲ್ ಬದಲು ಬರೀ ಸ್ಪಂಜು ಇರುತ್ತದೆ. ಬೆರಳಿನಿಂದ ಒತ್ತಿದರೆ ಮೆತ್ತಗೆ ಒಳಗೆ ಹೋಗಿ ನೇರ ಚಿಪ್ಪಿಗೆ ತಾಗಿದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಐಎಸ್‌ಐ ಗುರುತಿನ ಮೇಲೆ ಐಎಸ್ 4151 ಎಂದೂ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆಯೂ ಇರಬೇಕು.

ಪಟ್ಟಿ ಬಿಗಿಯದ ಹೆಲ್ಮೆಟ್ ತಲೆಗಿಂತ ಮೊದಲೇ ನೆಲ ಮುಟ್ಟುತ್ತದೆ. ಪಟ್ಟಿ ಮತ್ತು ಗದ್ದದ ನಡುವೆ ಎರಡು ಬೆರಳು ಮಾತ್ರ ಹೋಗಬೇಕು. ಹಿಂಬದಿಯಿಂದ ಮೇಲಕ್ಕೆ ತಳ್ಳಿದರೆ ಮುಂದಕ್ಕೆ ಕಳಚಿ ಬರಬಾರದು. ಅಕ್ಕಪಕ್ಕ ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಸರಿಯಬೇಕು. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಹೆಲ್ಮೆಟ್ ಕಡ್ಡಾಯ ಮಾಡಿದೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಓಡಿಸುವವರಿಗೆ ಬಿಗಿಯುವ ಬೆಲ್ಟು, ಮಕ್ಕಳ ಅಳತೆಯ ಹೆಲ್ಮೆಟ್, 40ರ ವೇಗದ ಮಿತಿ ಇದೆ. ಅಪ್ಪನ ಹೆಲ್ಮೆಟ್ ಮಗುವಿಗೆ ಹಾಕಿದರೆ ಅದರ ಭಾರ ಕುತ್ತಿಗೆಗೆ ಬೀಳುತ್ತದೆ.

ಬೈಕಿನ ಬ್ರೇಕಿನ ಬಗ್ಗೆ ಒಂದು ಮಾತು. "ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ" ಎಂಬ ಭಯದಿಂದ ಹಿಂದಿನದನ್ನು ಮಾತ್ರ ತುಳಿಯುವವರು ಬಹಳ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುವುದರಿಂದ ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಅಲ್ಲೇ ಇದೆ. ನೇರ ರಸ್ತೆಯಲ್ಲಿ ಎರಡೂ ಬ್ರೇಕನ್ನು ಒಟ್ಟಿಗೆ, ಹಿಂಡುತ್ತಾ ಬಲ ಹೆಚ್ಚಿಸುತ್ತಾ ಹಿಡಿಯಬೇಕು. ಕಾಳು, ಮರಳು, ತಿರುವಿನಲ್ಲಿ ಮಾತ್ರ ಮುಂದಿನದನ್ನು ಗಟ್ಟಿಯಾಗಿ ಹಿಡಿಯಬಾರದು.

ಕಾರಿನ ಹಿಂದಿನ ಸೀಟಿನ ಬೆಲ್ಟು ಮುಂದಿನವರಿಗೂ ರಕ್ಷೆ. ಬೆಲ್ಟು ಹಾಕದೆ ಹಿಂದೆ ಕೂತವರು ಗುದ್ದಿದಾಗ ಮುಂದಿನ ಸೀಟಿನ ಬೆನ್ನಿಗೆ ಪೂರ್ತಿ ವೇಗದಲ್ಲಿ ಬಡಿಯುತ್ತಾರೆ.

ಕೆಟ್ಟ ಜಾಗವನ್ನು ಯಾರಿಗೆ ತಿಳಿಸಬೇಕು

ಸುಮಾರು 500 ಮೀಟರ್ ಉದ್ದದ ರಸ್ತೆಯಲ್ಲಿ ಮೂರು ವರ್ಷದೊಳಗೆ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ಆಗಿದ್ದರೆ ಅದನ್ನು ಬ್ಲ್ಯಾಕ್ ಸ್ಪಾಟ್ ಎಂದು ಗುರುತಿಸುತ್ತಾರೆ. ಅರ್ಜಿ ಬರೆಯುವವರಿಗೆ ಈ ವ್ಯಾಖ್ಯೆಯೇ ಆಧಾರ. ರಸ್ತೆ ಯಾರದೆಂಬುದು ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣದಿಂದ ತಿಳಿಯುತ್ತದೆ. ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ. ರಾಷ್ಟ್ರೀಯ ಹೆದ್ದಾರಿಯ ತೊಂದರೆಗೆ 1033ಕ್ಕೆ ಕರೆ ಮಾಡಬಹುದು. ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು, ಪೇಟೆಯೊಳಗಿನ ಬೀದಿ ದಾವಣಗೆರೆಯಲ್ಲಿ ಮಹಾನಗರ ಪಾಲಿಕೆಯದು. ಯಾರದೆಂದು ಗೊತ್ತಾಗದಿದ್ದರೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಬರೆಯಿರಿ. "ಇಲ್ಲಿ ಬಹಳ ಅಪಘಾತವಾಗುತ್ತಿದೆ" ಎಂದು ಬರೆದರೆ ಕಡತ ಮುಂದೆ ಹೋಗುವುದು ಕಷ್ಟ. ಯಾವ ಕಿಲೋಮೀಟರ್ ಕಲ್ಲಿನಿಂದ ಯಾವ ಕಲ್ಲಿನವರೆಗೆ, ಯಾವ ತಿಂಗಳು ಯಾವ ಥರದ ಅಪಘಾತ, ಹಗಲೋ ರಾತ್ರಿಯೋ, ದೀಪ ಇದೆಯೋ ಇಲ್ಲವೋ, ಚಾಲಕನ ಕಣ್ಣಿನ ಎತ್ತರದಿಂದ ತೆಗೆದ ಎರಡು ಫೋಟೊ, ಇಷ್ಟಿರಲಿ.

ಡಿಕ್ಕಿಯಾದ ಮೇಲಿನ ಮೊದಲ ಗಂಟೆ

ರಕ್ತ ಸುರಿದು, ಉಸಿರು ಕಟ್ಟಿ ಸಾಯುವವರಲ್ಲಿ ಅನೇಕರನ್ನು ಮೊದಲ ಒಂದು ಗಂಟೆಯೊಳಗೆ ಚಿಕಿತ್ಸೆ ಸಿಕ್ಕರೆ ಉಳಿಸಬಹುದು. ಕಾನೂನಿನಲ್ಲೂ ಇದಕ್ಕೆ ಸುವರ್ಣ ಗಂಟೆ ಎಂಬ ಹೆಸರಿದೆ. ಸಹಾಯ ಮಾಡಿದರೆ ಪೊಲೀಸ್ ಠಾಣೆ, ಕೋರ್ಟು ಅಲೆಯಬೇಕೆಂಬ ಭಯದಿಂದ ಜನ ಮೊದಲು ಹಿಂಜರಿಯುತ್ತಿದ್ದರು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಸೆಕ್ಷನ್ ಆ ಭಯಕ್ಕೆ ಉತ್ತರ. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ವಿಳಾಸ ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಿಂದ ಜಾರಿಯಾದ ಯೋಜನೆಯಂತೆ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ.

ಮೊದಲು ನಿಮ್ಮ ಗಾಡಿಯನ್ನು ಅಂಚಿಗೆ ನಿಲ್ಲಿಸಿ ಪಾರ್ಕಿಂಗ್ ಲೈಟು ಹಾಕಿ, ಒಬ್ಬರನ್ನು ಹಿಂದಕ್ಕೆ ಕಳಿಸಿ ಬರುವ ಗಾಡಿಗಳಿಗೆ ಮೊಬೈಲ್ ಟಾರ್ಚಿನಿಂದ ಸನ್ನೆ ಮಾಡಿಸಿ. ನೆರವಿಗೆ ಸೇರಿದ ಗುಂಪಿನ ಮೇಲೇ ಇನ್ನೊಂದು ಲಾರಿ ನುಗ್ಗುವ ಅಪಾಯ ರಾತ್ರಿ ಹೊತ್ತು ಬಹಳ. ರಕ್ತ ಹರಿಯುವ ಜಾಗಕ್ಕೆ ಮಡಿಸಿದ ಟವಲ್ಲು ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ. ಬಾಯಿಗೆ ನೀರು ಹಾಕಬೇಡಿ, ಪ್ರಜ್ಞೆ ತಪ್ಪಿದವರ ಉಸಿರಿನ ಕೊಳವೆಗೆ ಅದು ಇಳಿಯುತ್ತದೆ, ಆಪರೇಷನ್ನಿಗೂ ತೊಂದರೆ. ಬೆಂಕಿ ಹತ್ತುವ ಸೂಚನೆ ಇಲ್ಲದಿದ್ದರೆ ಕೈಕಾಲು ಹಿಡಿದು ಎಳೆದು ಆಟೊದಲ್ಲಿ ಮಡಿಸಿ ಕೂರಿಸಬೇಡಿ. ಉಸಿರಾಟ ಸರಾಗವಾಗಿದ್ದರೆ ಹೆಲ್ಮೆಟ್ಟನ್ನೂ ಕಿತ್ತು ತೆಗೆಯಬೇಡಿ.

108 ಅಥವಾ 112ಕ್ಕೆ ಕರೆ ಮಾಡುವಾಗ "ಆನಗೋಡು ಹತ್ತಿರ", "ಭರಮಸಾಗರ ದಾಟಿ" ಎಂದಷ್ಟೇ ಹೇಳಿದರೆ ಆಂಬುಲೆನ್ಸ್ ಹುಡುಕಬೇಕಾಗುತ್ತದೆ. ಅಂಚಿನ ಕಲ್ಲಿನ ಮೇಲಿನ ಕಿಲೋಮೀಟರ್ ಸಂಖ್ಯೆ ಓದಿ ಹೇಳಿ. ಎರಡು ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರಿಗೊಂದು ಸಣ್ಣ ಕಲ್ಲೂ ಇರುತ್ತದೆ. ಜೊತೆಗೆ ಯಾವ ಬದಿ ಎಂಬುದನ್ನೂ ಹೇಳಿ: ಬೆಂಗಳೂರಿನ ಕಡೆಗೆ ಹೋಗುವ ಬದಿಯೋ, ಹರಿಹರದ ಕಡೆಗೆ ಹೋಗುವ ಬದಿಯೋ. ನಡುವೆ ಡಿವೈಡರ್ ಇರುವ ರಸ್ತೆಯಲ್ಲಿ ತಪ್ಪು ಬದಿಗೆ ಬಂದ ಆಂಬುಲೆನ್ಸ್ ಗಾಯಾಳುವನ್ನು ಕಣ್ಣೆದುರೇ ನೋಡುತ್ತಾ ಮುಂದಿನ ತಿರುವಿನವರೆಗೆ ಹೋಗಿ ಮತ್ತೆ ವಾಪಸ್ ಬರಬೇಕಾಗುತ್ತದೆ.